ಮೇಜಿನ ಎದುರಿನ ಕುರ್ಚಿ

ಕೋಲಾರದ ಹತ್ತಿರ ವೇಮಗಲ್‌ನಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ ಇದೆ. ರಟ್ಟಿನ ಪೆಟ್ಟಿಗೆ ಮಾಡುತ್ತೇವೆ. ಅದನ್ನು ನಡೆಸುವ ನಾನು ಮಹಾ ಚುರುಕಿನವಳು ಎಂದು ನನಗೇ ಹೆಮ್ಮೆ ಇತ್ತು. ಜನ ಕೂತರೆ ಹರಟೆ ಶುರುವಾಗುತ್ತದೆ ಎಂದು ಯಾವುದೋ ತರಬೇತಿಯಲ್ಲಿ ಹೇಳಿದ್ದರು. ವಾಪಸ್ ಬಂದವಳೇ ನನ್ನ ಮೇಜಿನ ಎದುರಿದ್ದ ಕುರ್ಚಿಗಳನ್ನು ಗೋದಾಮಿಗೆ ಸಾಗಿಸಿದೆ. ಬಂದವರು ನಿಂತೇ ಹೇಳಬೇಕು, ಹೇಳಿ ಹೋಗಬೇಕು. ಮಾತು ಉದ್ದವಾದರೆ ಫೋನ್ ಕೈಗೆತ್ತಿಕೊಳ್ಳುತ್ತಿದ್ದೆ. ದೂರುಗಳು ಕಡಿಮೆಯಾದವು. ಎಲ್ಲ ಸರಿಹೋಯಿತು ಎಂದುಕೊಂಡೆ. ಜನ ಹೇಳುವುದನ್ನೇ ಬಿಟ್ಟಿದ್ದಾರೆ ಎಂದು ನನಗೆ ಹೊಳೆಯಲಿಲ್ಲ.

ರಟ್ಟು ಕತ್ತರಿಸುವ ಯಂತ್ರದ ಮುಂದೆ ಶುರುವಿನಿಂದಲೂ ಇದ್ದವರು ಗೌನಿಪಲ್ಲಿ ಕಡೆಯ ಒಬ್ಬ ಹಿರಿಯರು. ದಿನವಿಡೀ ನಿಂತೇ ಮಾಡುವ ಕೆಲಸ ಅದು. ಹೋದ ವರ್ಷ ಮಾವಿನ ಕಾಲದಲ್ಲಿ ಅವರು ಮೂರು ಸಲ ನನ್ನ ಕೋಣೆಗೆ ಬಂದರು. ಮೂರು ಸಲವೂ ಕೈಯಲ್ಲಿ ರಸಪುರಿ ಹಣ್ಣಿನ ಚೀಲ.

"ಈ ವರ್ಷ ಹೂವು ಚೆನ್ನಾಗೇ ಬಂದಿತ್ತಮ್ಮ. ಆಮೇಲೆ ಗಾಳಿ ಎದ್ದು..."

"ವಿಷಯ ಹೇಳಿ" ಎಂದೆ.

"ಏನಿಲ್ಲಮ್ಮ. ಹಣ್ಣು ಕೊಟ್ಟು ಹೋಗಾಣ ಅಂತ ಬಂದೆ."

ಮೂರನೆಯ ಸಲ ನನಗೆ ರೇಗಿತು. "ಈ ಬೆಣ್ಣೆ ಹಚ್ಚೋದೆಲ್ಲ ನನ್ನ ಹತ್ರ ಬೇಡ" ಎಂದುಬಿಟ್ಟೆ. ಅವರು ಬಾಗಿಲ ಬಳಿ ಹೋಗಿ ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತರು. ಫೋನಿನಲ್ಲಿ ಮಾತಾಡುತ್ತಲೇ ಅದನ್ನು ನೋಡಿದೆ. ಚೀಲವನ್ನು ಬಿಚ್ಚದೆ ಡ್ರೈವರ್‌ಗೆ ಕೊಟ್ಟೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಅವರು ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ತಿಥಿ ಮುಗಿದ ಮೇಲೆ ಅವರ ಊರಿಗೆ ಹೋದೆ. ಅವರ ಹೆಂಡತಿ ಸೊಸೆಗೆ ತೆಲುಗಿನಲ್ಲಿ ಹೇಳಿ ನನಗೆ ಕುರ್ಚಿ ಹಾಕಿಸಿದರು. ನೀರು ಬಂತು, ಕಾಫಿ ಬಂತು. ನಿಮ್ಮ ಕಡೆ ಮಳೆ ಆಯಿತಾ, ತಾಯಿ ಹೇಗಿದ್ದಾರೆ ಎಂದು ಕೇಳಿದರು. ಗಂಡನನ್ನು ಕಳೆದುಕೊಂಡವರು ನನ್ನ ಕ್ಷೇಮ ವಿಚಾರಿಸುತ್ತಿದ್ದರು. ನಾನು ಎದ್ದು ಹೊರಟಾಗ ಬಾಗಿಲವರೆಗೂ ಬಂದು, ಅಲ್ಲಿ ಹೇಳಿದರು.

"ಎದೆ ನೋವು ಅಂತಿದ್ರಮ್ಮ. ನಿಂತ್ಕೊಂಡು ಮಾಡೋ ಕೆಲ್ಸ ಬೇಡ ಅಂದಿದ್ರು ಡಾಕ್ಟ್ರು. ಕೂತು ಮಾಡೋದು ಏನಾದ್ರೂ ಕೊಡಿ ಅಂತ ಕೇಳಕ್ಕೆ ಮೂರು ಸಲ ನಿಮ್ಮ ಹತ್ರ ಬಂದಿದ್ರು. ಅಮ್ಮ ಬಿಜಿ ಇದ್ರು, ಇನ್ನೊಂದಿನ ಕೇಳ್ತೀನಿ ಅನ್ನೋರು." ಆಮೇಲೆ, "ಹಣ್ಣು ಸಿಹಿಯಾಗಿತ್ತಾ?" ಎಂದರು.

"ತುಂಬ ಸಿಹಿಯಾಗಿತ್ತು" ಎಂದೆ. ಕಾರಿನಲ್ಲಿ ಕೂತು ಅತ್ತೆ.

ನಾನೇನು ಹೊರಗಿನವಳಲ್ಲ, ಕೋಲಾರದಲ್ಲೇ ಹುಟ್ಟಿ ಬೆಳೆದವಳು. ನಮ್ಮ ಮನೆಗೆ ಸಂಬಂಧ ಕೇಳಲು ಬಂದವರೂ ಮಳೆ ಬೆಳೆಯ ಮಾತೆಲ್ಲ ಮುಗಿಸಿ, ಚಪ್ಪಲಿ ಮೆಟ್ಟುವಾಗಲೇ ಬಂದ ಕೆಲಸ ಹೇಳುತ್ತಿದ್ದುದು. ಅದೆಲ್ಲ ಗೊತ್ತಿದ್ದೂ, ನನ್ನ ಅವಸರವನ್ನೇ ಜಾಣತನ ಎಂದುಕೊಂಡೆ. ಮಾವಿನ ಹೂವಿನ ಕತೆ ಮುಗಿಯುವವರೆಗೆ ಸುಮ್ಮನಿದ್ದರೆ ಸಾಕಿತ್ತು. ಪೆಟ್ಟಿಗೆಗೆ ಚೀಟಿ ಅಂಟಿಸುವ ಜಾಗದಲ್ಲಿ ಒಂದು ಸ್ಟೂಲು ಆಗ ಖಾಲಿಯೇ ಇತ್ತು.

ಕುರ್ಚಿಗಳು ಈಗ ಮೇಜಿನ ಎದುರಿಗೆ ವಾಪಸ್ ಬಂದಿವೆ. ನನ್ನ ಕೈ ಈಗಲೂ ಫೋನಿನ ಕಡೆ ಹೋಗುತ್ತದೆ, ಹಿಂದಕ್ಕೆಳೆದುಕೊಳ್ಳುತ್ತೇನೆ. ಮೊನ್ನೆ ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬಳು ಬಂದು ಕೂತು, ತನ್ನ ಎಮ್ಮೆಯ ವಿಷಯವೆಲ್ಲ ಹೇಳಿ, ಏನೂ ಕೇಳದೆ ಎದ್ದಳು. ನಾನೂ ಎದ್ದು ಬಾಗಿಲವರೆಗೆ ಜೊತೆಗೆ ಹೋದೆ. ಅಲ್ಲಿ ಅವಳು ತನ್ನ ಕಷ್ಟ ಹೇಳಿದಳು. ಕೇಳುತ್ತಾ ನಾನು ನಿಂತಿದ್ದು, ಅವರು ಗೋಡೆ ಹಿಡಿದು ನಿಂತಿದ್ದ ಜಾಗದಲ್ಲೇ.