ನಿದ್ದೆಯ ಮದ್ದು ಬದಲಿಸಿದ ಮೇಲೆ

ನಾನು ರೋಣದವಳು. ಗದಗಿನ ದವಾಖಾನೆಯೊಂದರಲ್ಲಿ ಅರಿವಳಿಕೆ ಕೊಡುವ ವೈದ್ಯೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಜೇಂದ್ರಗಡದ ನೇಕಾರರೊಬ್ಬರು ಹೆಂಡತಿಯನ್ನು ಕರೆತಂದರು. ಖಿನ್ನತೆ ಎಷ್ಟು ಬಲಿತಿತ್ತೆಂದರೆ ಆಕೆ ಮಾತು ಬಿಟ್ಟಿದ್ದರು, ಊಟವನ್ನೂ ಬಿಟ್ಟಿದ್ದರು. ಗುಳಿಗೆಗಳಿಂದ ಗುಣವಾಗದೆ, ನಮ್ಮ ಮನೋವೈದ್ಯರು ವಿದ್ಯುತ್ ಚಿಕಿತ್ಸೆ ಕೊಡಲು ತೀರ್ಮಾನಿಸಿದರು.

ಗಂಡ ಗಾಬರಿಯಿಂದ ನನ್ನ ಬಳಿ ಬಂದರು. "ಡಾಕ್ಟರ್ ಬಾಯಾರ, ತಲಿಗೆ ಕರೆಂಟ್ ಕೊಡತಾರಂತ. ಆಕಿಗೆ ಏನೂ ಗೊತ್ತಾಗಬಾರದ್ರಿ. ಗಟ್ಟಿ ಔಷಧ ಹಾಕಿ ಮಲಗಸ್ರಿ."

"ಗೊತ್ತಾಗಂಗಿಲ್ರಿ. ಆದ್ರ ಭಾಳ ಗಟ್ಟಿ ಮಲಗಿಸಿದ್ರ ಮಿದುಳೂ ಸುಮ್ಮನಾಗಿಬಿಡತೈತಿ. ಅಲ್ಲಿ ಸ್ವಲ್ಪ ಹೊತ್ತು ಫಿಟ್ಸ್ ಬರಬೇಕು. ಅದರಿಂದನ ಗುಣ ಆಗೋದು."

"ಅಯ್ಯ, ಕೈಕಾಲು ಬಡಕೊಂಡ್ರ?"

"ಮೈ ಸಡಿಲ ಮಾಡೋ ಔಷಧನೂ ಕೊಡತೀನ್ರಿ. ಉಸಿರಾಟ ನಾ ನೋಡಕೋತೀನಿ."

ಆಕೆಗೆ ರಕ್ತದೊತ್ತಡ ಹೆಚ್ಚಿತ್ತು. ಅದನ್ನು ಏರಗೊಡದೆ ಮೆಲ್ಲಗೆ ಮಲಗಿಸುವ ಪ್ರೊಪೊಫಾಲನ್ನೇ ಮೊದಲು ಆರಿಸಿದೆ. ನಿದ್ದೆ ಚೆನ್ನಾಗಿ ಬಂತು. ಆದರೆ ಫಿಟ್ಸ್ ಶುರುವಾಗುತ್ತಲೇ ನಿಂತುಹೋಯಿತು. ಮುಂದಿನ ಸಲ ಔಷಧ ಕಡಿಮೆ ಮಾಡಿದರೂ ಅದೇ ಕತೆ.

"ಕರೆಂಟ್ ಹೆಚ್ಚು ಮಾಡೋಣೇನ್ರಿ?" ಎಂದರು ಮನೋವೈದ್ಯರು.

"ಅದಕ್ಕಿಂತ ಮೊದಲ ನಿದ್ದಿ ಔಷಧ ಬದಲಿಸಿ ನೋಡೋಣ್ರಿ" ಎಂದೆ.

ಎಟೊಮಿಡೇಟ್ ಎಂಬ ಇನ್ನೊಂದು ನಿದ್ದೆಯ ಔಷಧ ಫಿಟ್ಸನ್ನು ಅಷ್ಟಾಗಿ ತಡೆಯುವುದಿಲ್ಲ. ವಾಕರಿಕೆ ಬರಬಹುದು, ರಕ್ತದೊತ್ತಡ ಏರಬಹುದು. ಎರಡಕ್ಕೂ ಮೊದಲೇ ಮದ್ದು ಸಿದ್ಧ ಮಾಡಿಕೊಂಡೆ. ಮೈ ಸಡಿಲಿಸುವ ಔಷಧ ಒಂದು ಪಾದಕ್ಕೆ ಇಳಿಯದಂತೆ ಆ ಕಣಕಾಲಿಗೆ ಪಟ್ಟಿ ಬಿಗಿದೆವು. ಉಳಿದ ಮೈ ಸಡಿಲವಾಗಿರುವಾಗ ಫಿಟ್ಸ್ ಬಂತೋ ಇಲ್ಲವೋ ಎಂದು ತಿಳಿಯುವುದು ಆ ಪಾದದಿಂದಲೇ. ಕರೆಂಟ್ ಕೊಟ್ಟೊಡನೆ ಹೆಬ್ಬೆರಳು ಕುಣಿಯತೊಡಗಿತು, ಕುಣಿಯುತ್ತಲೇ ಇತ್ತು! ನಾನು ಉಸಿರು ಕೊಡುವ ಚೀಲವನ್ನು ಒತ್ತುತ್ತ ಮುಖಗವಸಿನೊಳಗೇ ನಕ್ಕೆ.

ಹೀಗೆ ಕೆಲವು ಸಲ ಚಿಕಿತ್ಸೆಯಾಯಿತು. ಆಕೆ ಮೊದಲು ಗಂಜಿ ಕುಡಿದರು, ಆಮೇಲೆ ಕರೆದರೆ ತಿರುಗಿ ನೋಡತೊಡಗಿದರು. ಒಂದು ಬೆಳಿಗ್ಗೆ ಎಚ್ಚರವಾದವರು ಮಂಚದ ಪಕ್ಕ ನಿಂತಿದ್ದ ಗಂಡನನ್ನೇ ಬಹಳ ಹೊತ್ತು ದಿಟ್ಟಿಸಿದರು.

"ಇದೇನ್ರಿ ಗಡ್ಡ? ನನ್ನ ಬಿಟ್ಟು ಮಠ ಸೇರಿದ್ರೇನು?"

ಆತನಿಗೆ ಎಂಥ ನಗು! ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗು ಮಾತ್ರ ನಿಲ್ಲಲಿಲ್ಲ. "ಈಗ ಬಂದೆ ತಡೀ" ಎನ್ನುತ್ತ ಎದುರಿನ ಕ್ಷೌರದಂಗಡಿಗೆ ಓಡಿದರು. ಅವಸರಕ್ಕೆ ಗಲ್ಲ ಕೊಯ್ಯಿಸಿಕೊಂಡು, ಅಲ್ಲಿ ಹತ್ತಿ ಅಂಟಿಸಿಕೊಂಡೇ ಮರಳಿದರು. ಆಕೆ ಎದ್ದು ಕೂತು ಚಹಾ ಕುಡಿಯುತ್ತಿದ್ದರು. ಗಂಡನ ಮುಖ ನೋಡಿದ್ದೇ ನಗು ತಡೆಯಲಾರದೆ ಬಟ್ಟಲನ್ನು ನನ್ನ ಕೈಗೆ ಕೊಟ್ಟರು.