ಕಾಶೀಂಬಿ ಕೀಳದೆ ಬಿಟ್ಟ ನಾಲ್ಕು ಸಾಲು

ಸವಡಿಯ ಕಾಶೀಂಬಿಗೆ ಎರೆಹುಳು ಗೊಬ್ಬರ ಮಾರುವ ಜಯಂತ ಇನ್ನೂ ಹನ್ನೊಂದು ದಿನದ ಕೂಲಿ ಕೊಡಬೇಕು. ಅವನ ತೊಟ್ಟಿಗಳಲ್ಲಿ ಸಗಣಿ ಹರವಿ, ಹುಳಕ್ಕೆ ನೀರು ಚಿಮುಕಿಸಿ, ಗೊಬ್ಬರ ಜರಡಿ ಹಿಡಿದವಳು ಅವಳೇ. ಕೇಳಿದರೆ "ಮುಂದಿನ ಸಂತಿಗೆ" ಅನ್ನುತ್ತಾನೆ. ಹಾಗಾಗಿ, ಮೆಣಸಿನ ಸಸಿಗೆ ಜಯಂತನ ಎರೆಗೊಬ್ಬರವೋ ಮನೆಯ ತಿಪ್ಪೆಗೊಬ್ಬರವೋ, ಯಾವುದನ್ನು ನೆನೆಸಿದ ನೀರು ಹೊಡೆಯಬೇಕೆಂದು ನೋಡಿ ಹೇಳುವ ಕೆಲಸವನ್ನು ಮಹಿಳಾ ಸಂಘ ಅವಳಿಗೇ ಒಪ್ಪಿಸಿದಾಗ, ಅವಳು ಏನು ಹೇಳುತ್ತಾಳೆಂದು ಎಲ್ಲರೂ ಮೊದಲೇ ತೀರ್ಮಾನಿಸಿದ್ದರು.

ಒಂಬತ್ತು ಮನೆಯ ಸಸಿಗಳು ಅವಳ ಮಾತಿಗೆ ಕಾದಿದ್ದವು. ಸಂಘದ ಹಿರಿಯಳು ಮುಮತಾಜಬಿ ಬಾಯಿಬಿಟ್ಟೇ ಅಂದಳು: "ನೋಡಬೇ, ಸಸಿ ಸುಟ್ಟ್ರ ಮತ್ತ ಬೀಜ ಹಾಕಾಕ ಹದ ಇರೂದಿಲ್ಲ. ಸಿಟ್ಟು ಮನ್ಯಾಗ ಇಟ್ಟು ಬಾ."

ಕಾಶೀಂಬಿ ಎರಡು ಬಕೆಟ್ ತಂದಳು. ಒಂದಕ್ಕೆ ಎರೆಗೊಬ್ಬರ, ಇನ್ನೊಂದಕ್ಕೆ ತನ್ನ ಹಿತ್ತಲ ತಿಪ್ಪೆಗೊಬ್ಬರ. ಎರಡನ್ನೂ ಹಳೆ ಅರಿವೆಯಲ್ಲಿ ಗಂಟುಕಟ್ಟಿ ನೀರಿಗಿಳಿಸಿ, ಅಡಿಕೆಯಷ್ಟು ಬೆಲ್ಲ ಹಾಕಿ, ನಾರಬಾರದೆಂದು ಎರಡು ದಿನ ಆಗಾಗ ಕೋಲಾಡಿಸಿದಳು. ಬೇರೆಯವರ ಸಸಿ ಮುಟ್ಟಲಿಲ್ಲ. ತನ್ನ ಸಸಿಮಡಿಯಲ್ಲೇ ನಾಲ್ಕು ಸಾಲಿಗೆ ಅದು, ನಾಲ್ಕು ಸಾಲಿಗೆ ಇದು ಹೊಡೆದಳು.

ಐದನೇ ದಿನ ತಿಪ್ಪೆನೀರು ಕುಡಿದ ನಾಲ್ಕು ಸಾಲೂ ಎಲೆಯಂಚು ಸುಟ್ಟುಕೊಂಡು ಮುದುಡಿದವು.

ಪಕ್ಕದ ಮನೆಯ ಶಿವನಪ್ಪ ಬೇಲಿಯಾಚೆಯಿಂದ ಪಿಸುಗುಟ್ಟಿದ: "ಅಕ್ಕಾ, ಮಂದಿ ನೋಡೂಕಿಂತ ಮೊದಲ ಕಿತ್ತ ಒಗಿ. ಇಲಿ ತಿಂದ್ವು ಅಂದ್ರಾತು."

"ಇಲಿ ನಾಕ ಸಾಲು ಎಣಿಸಿ ತಿಂತಾವೇನೋ, ಹುಚ್ಚಪ್ಪಾ?"

ಅವಳು ತಿಪ್ಪೆ ಕೆದರಿ ಕೂತಳು. ಬಿಳಿಚಿದ ಹೆಂಟೆಯೊಂದು ಸಿಕ್ಕಿತು. ನಾಲಿಗೆಗೆ ಹಚ್ಚಿ ಉಗುಳಿದಳು. ಉಪ್ಪು! ಮಣ್ಣಿನ ಮಾಳಿಗೆ ಸೋರದಿರಲೆಂದು ಮಳೆಗಾಲಕ್ಕೆ ಮೊದಲು ಉಪ್ಪಿನಂಶದ ಸವಳು ಮಣ್ಣು ಹರವುವುದು ಈ ಕಡೆಯ ರೂಢಿ. ಕೆರೆದ ಹಳೆ ಮಣ್ಣು ತಿಪ್ಪೆಗೆ ಹೋಗುತ್ತದೆ. ಈ ಸಲ ಆರು ಬುಟ್ಟಿ ಹೊತ್ತು ಹಾಕಿದವಳು ತಾನೇ.

"ನಿಂದು ತಗಡಿನ ಮನಿ," ಅಂದಳು ಶಿವನಪ್ಪನಿಗೆ. "ನಿನ್ನ ತಿಪ್ಪ್ಯಾಗ ಮಾಳಿಗಿ ಮಣ್ಣಿಲ್ಲ. ಬುಡದ ಗೊಬ್ಬರ ಒಂದು ಬುಟ್ಟಿ ಕೊಡು."

ಮತ್ತೆ ಎರಡು ಬಕೆಟ್, ಒಂದಕ್ಕೆ ಎರೆಗೊಬ್ಬರ, ಇನ್ನೊಂದಕ್ಕೆ ಶಿವನಪ್ಪನ ಗೊಬ್ಬರ; ಮತ್ತೆ ಎರಡು ದಿನ ಕೋಲು. ತನ್ನ ಉಳಿದ ಮಡಿಗಳಲ್ಲಿ ಎಳೆಯ ಸಸಿಗೂ ಬಲಿತ ಸಸಿಗೂ ಸಾಲು ಹಂಚಿ ಹೊಡೆದಳು. ಹತ್ತು ದಿನ ಕಾದಳು.

ಸಂಘದವರು ಬಂದಾಗ ಮೊದಲು ಸುಟ್ಟ ಸಾಲಿನ ಮುಂದೆಯೇ ನಿಲ್ಲಿಸಿದಳು. "ಇದು ನನ್ನ ತಿಪ್ಪಿ. ತಪ್ಪೂ ನಂದ. ಮಾಳಿಗಿ ಮಣ್ಣು ಬಿದ್ದ ತಿಪ್ಪಿ ಗೊಬ್ಬರ ಯಾರೂ ನೀರಿಗೆ ಹಾಕಬ್ಯಾಡ್ರಿ. ಎರಡೆಲಿ ಸಸಿಗೆ ಜಯಂತನ ಎರೆಗೊಬ್ಬರನ ಚಲೋ, ಎಲ್ಲಾರಿಗೂ ಕೂಡಿ ಒಂದ ಚೀಲ ಸಾಕು. ಬಲತ ಮ್ಯಾಲ ಎರಡೂ ಒಂದ. ಆಗ ಶಿವನಪ್ಪನ ತಿಪ್ಪಿಯಂಥಾದ್ದು ಇದ್ರ ರೊಕ್ಕ ಯಾಕ ಕೊಡ್ತೀರಿ?"

ಮುಮತಾಜಬಿ ಕಣ್ಣರಳಿಸಿದಳು. "ನಿನ್ನ ಕೂಲಿ ನುಂಗಿದಾಂವನ ಮಾಲು ಹೊಗಳ್ತೀಯಲ್ಲಬೇ!"

"ನುಂಗಿದಾಂವ ಜಯಂತ. ಹುಳ ಅಲ್ಲ."

ಮಾತು ಮುಗಿಯಿತು. ಮರುದಿನವೇ ಒಂಬತ್ತು ಮನೆಯಲ್ಲೂ ಬಕೆಟ್ಟಿಗೆ ಗೊಬ್ಬರದ ಗಂಟು ಇಳಿಯಿತು. ಆ ನಾಲ್ಕು ಸಾಲು ಬಿಟ್ಟರೆ ಆ ವರ್ಷ ಯಾರ ಸಸಿಯೂ ಸುಡಲಿಲ್ಲ.

ಗೆದ್ದ ಬೆಳೆಯ ಫೋಟೊ ಎಲ್ಲರೂ ತೋರಿಸುತ್ತಾರೆ. ಓದುತ್ತಿರುವ ನೀವು ಹೇಳಿ, ನಿಮ್ಮ ಸುಟ್ಟ ಸಾಲು ಎಲ್ಲಿ? ಕೀಳಬೇಡಿ. ನೆರೆಯವರನ್ನು ಕರೆದು ತೋರಿಸಿ, ಅವರ ಸಸಿ ಸುಡುವ ಮೊದಲು.