ಮೈಕಿನಲ್ಲಿ ಕೇಳಿದ ಹೆಸರು

ಪಾಣೆಮಂಗಳೂರಿನ ಔಷಧಿ ಅಂಗಡಿಯಲ್ಲಿ ಕೂರುವ ನಮ್ಮ ನೆರೆಮನೆಯವರು ಸೈಕಲ್ಲಿಗೂ ದಾರಿ ಬಿಟ್ಟು ಬೈಕ್ ಓಡಿಸುವವರು. ಹಿಂದೆ ಕೂತವರು ಅವಸರ ಮಾಡಿದರೆ, "ಹೋಗುವ, ಹೋಗುವ. ಬೀಳುವುದು ಬೇಡ" ಎನ್ನುತ್ತಿದ್ದರು. ಅವರು ಭಾನುವಾರ ಮಣ್ಣಿನ ಬೈಕ್ ರೇಸಿಗೆ ಇಳಿಯುವುದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮನೆಗೆ ಸುದ್ದಿ ಮುಟ್ಟಬಾರದೆಂದು ಅಲ್ಲಿ ಹಲವರು ಬೇರೆ ಹೆಸರು ಕೊಡುತ್ತಾರಂತೆ.

ಕಳೆದ ಬೇಸಗೆಯಲ್ಲಿ ಅಮ್ಮನೊಂದಿಗೆ ಮೂಡುಬಿದಿರೆಗೆ ಮದುವೆಗೆ ಹೋಗಿದ್ದೆ. ಮದುವೆ ಮಂಟಪದ ಪಕ್ಕದ ಗದ್ದೆಯಲ್ಲಿ ರೇಸ್ ನಡೆಯುತ್ತಿತ್ತು. ಗೆದ್ದವರ ಹೆಸರನ್ನು ಮೈಕಿನಲ್ಲಿ ಕೂಗಿದಾಗ ಅಮ್ಮ ನಡೆಯುತ್ತಿದ್ದಲ್ಲೇ ನಿಂತರು. ಅದು ಜ್ವರದಲ್ಲಿ ತೀರಿಕೊಂಡ ನನ್ನ ತಮ್ಮನ ಹೆಸರು, ಮನೆತನದ ಹೆಸರೂ ಸೇರಿ. ಬೈಕಿನ ಹುಚ್ಚಿನವನಿಗೆ ಅಮ್ಮ ಬೈಕ್ ಮುಟ್ಟಲು ಬಿಟ್ಟಿರಲಿಲ್ಲ. ಅವನು ಹೋದ ಮೇಲೆ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಇಲ್ಲಿ ಅದಕ್ಕೆ ಜನ ಚಪ್ಪಾಳೆ ತಟ್ಟುತ್ತಿದ್ದರು.

ಬೇಲಿಯ ಬಳಿ ಹೆಲ್ಮೆಟ್ ತೆಗೆದ ನೆರೆಮನೆಯವರು ನಮ್ಮನ್ನು ಕಂಡು ತಲೆ ತಗ್ಗಿಸಿದರು.

"ಅವನಿಗೆ ಆಸೆ ಇತ್ತಲ್ಲ ಅಮ್ಮ, ಹಾಗೆ ಅವನ ಹೆಸರು ಕೊಟ್ಟೆ."

ಅಮ್ಮ ಮದುವೆಯ ಸೀರೆಯ ಸೆರಗಿನಿಂದಲೇ ಅವರ ಮುಖದ ಮಣ್ಣು ಒರೆಸಿದರು. ಮುಂದಿನ ಸುತ್ತಿಗೆ ಮೈಕಿನಲ್ಲಿ ತಮ್ಮನ ಹೆಸರು ಮತ್ತೆ ಕೇಳಿತು.

"ಕರೀತಾ ಇದ್ದಾರಲ್ಲ, ಹೋಗು ಮಾರಾಯ," ಎಂದರು ಅಮ್ಮ. "ಆದ್ರೆ ಆ ಹೆಸರಿನಲ್ಲಿ ಬೀಳುವುದು ಬೇಡ."